ಗುರುತಿನ ಮೇಲೆ ಒಂದು ಗೇಣು

ಜುಲೈ ೧೪, ಸೋಮವಾರ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳಲ್ಲಿ ತಪ್ಪು ಇರುತ್ತದೆ. ಐದನೇ ಇಯತ್ತೆಗೆ ಬಿಟ್ಟವಳ ಕೈ ಇದು, ಅದರ ಮೇಲೆ ಇವತ್ತು ಬೆರಳ ಸಂದಿಯಲ್ಲೆಲ್ಲ ಜೇಡಿಮಣ್ಣು ಒಣಗಿದೆ. ಯಾರೂ ಓದುವುದಿಲ್ಲವೆಂದು ಗೊತ್ತಿದ್ದೂ ಕ್ಷಮೆ ಕೇಳುತ್ತಿದ್ದೇನೆ. ಅಭ್ಯಾಸ.

ಈ ಡೈರಿ ನರೇಶ ತಂದದ್ದು. ಗಂಡನ ಹೆಸರು ಬರೆಯಬಾರದು ಎನ್ನುತ್ತಾರೆ ಅತ್ತೆ. ಬರೆಯದಿದ್ದರೆ ಯಾರ ಮಾತೆಂದು ನಾಳೆ ನನಗೇ ತಿಳಿಯುವುದಿಲ್ಲ. ಅವರು ಭಟ್ಕಳದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಅಂಗಡಿಯಲ್ಲಿ ಉಳಿದಿದ್ದ ಹೋದ ವರ್ಷದ ಡೈರಿ ಇದು, ಅಚ್ಚಾದ ವಾರಕ್ಕೂ ಈಗಿನ ವಾರಕ್ಕೂ ತಾಳೆಯಿಲ್ಲ. ಹಾಗಾಗಿ ವಾರವನ್ನು ನಾನೇ ಹೊಡೆದು ತಿದ್ದುತ್ತೇನೆ. ಅವರು ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. "ಎಂತ ಮಾಡ್ತೆ?" ಎಂದರೆ "ಎಂತದೂ ಇಲ್ಲ" ಎನ್ನುತ್ತೇನೆ. ಆಮೇಲೆ ಇಬ್ಬರೂ ಮಳೆಯ ಶಬ್ದ ಕೇಳುತ್ತ ಕೂರುತ್ತೇವೆ. "ಬಾಯಿಗೆ ಬರದ್ದನ್ನ ಇದ್ರಲ್ಲಿ ಬರಿ" ಎಂದು ಕೊಟ್ಟು ಹೋದರು.

ಇವತ್ತು ಜೇಡಿ ಬಂತು. ನನ್ನ ಮಾವ ರಮಾನಂದ ಚೌತಿ ಗಣಪತಿ ಮಾಡುವವರು. ಅವರ ಅಜ್ಜನ ಕಾಲದಿಂದಲೂ ಹೊಳನಗದ್ದೆಯ ಈ ಕೆಳಗಿನ ಕೇರಿಗೆ ಗಣಪತಿ ಹೋಗುವುದು ಇದೇ ಮನೆಯಿಂದ. ಆಗ ಸುತ್ತ ಗದ್ದೆಯೇ ಇತ್ತಂತೆ. ಈಗ ಕುಮಟಾ ಪೇಟೆ ಬಾಗಿಲಿಗೆ ಬಂದಿದೆ. ಗದ್ದೆಗೆ ಕೆಂಪು ಮಣ್ಣು ತುಂಬಿ ಮನೆ ಕಟ್ಟುತ್ತಾರೆ. ಜೇಡಿಯಿಂದ ಕಲ್ಲು, ಬೇರು ಆರಿಸಿ ತುಳಿಯುವುದು ನನ್ನ ಕೆಲಸ, ಹತ್ತಿ ಸೇರಿಸಿ ನಾದುವುದೂ ನನ್ನದೇ. ಮೂರ್ತಿ ಒಣಗಲು ಕರಟದ ಕೆಂಡ ಇಡುತ್ತೇನೆ. ಮುಖ ಮಾತ್ರ ಮಾವನದು.

ಬೆನ್ನು ನೋಯುತ್ತಿದೆ. ಇಷ್ಟು ಸಾಕು.

ಜುಲೈ ೧೮, ಶುಕ್ರವಾರ

ನಾನು ತುಳಿಯುವಾಗ ಮಾವ ಮಾತಾಡುತ್ತಾರೆ. ಉತ್ತರ ಬೇಕಿಲ್ಲದ ಮಾತು, ಅದಕ್ಕೇ ನನಗೆ ಹಿಡಿಸುತ್ತದೆ. ಇವತ್ತು ಜೇಡಿಯ ಗಡ್ಡೆಯೊಂದನ್ನು ತಂತಿಯಿಂದ ಸೀಳಿ ತೋರಿಸಿದರು. ಕಪ್ಪು ಮಣ್ಣಿನ ನಡುವೆ ತೆಳ್ಳಗೆ ಒಂದು ಗೆರೆ ಬಿಳಿ ಮರಳು.

"ಇದೆಂತ ಗೊತ್ತನ? ಸಮುದ್ರ ಗದ್ದೆಗೆ ಬಂದು ಹೋದ ಗುರ್ತು. ನನ್ನ ಅಪ್ಪಂಗೂ ನೆನಪಿಲ್ಲ. ಜೇಡಿ ಮಾತ್ರ ಮರ್ತಿಲ್ಲ."

ಗಣಪತಿ ಕೋಣೆಯ ಗೋಡೆಗೆ ಗಾರೆಯಿಲ್ಲ, ಬರೀ ಚಿರೆಕಲ್ಲು. ಅದರ ಮೇಲೆ ಉಳಿಯಿಂದ ಕೆತ್ತಿದ ಗೆರೆಗಳಿವೆ. ನೆರೆ ಬಂದಾಗಲೆಲ್ಲ ನೀರು ನಿಂತ ಮಟ್ಟಕ್ಕೆ ಮನೆಯ ಯಜಮಾನ ಒಂದು ಗೆರೆ ಹೊಡೆಯಬೇಕು. ಎಲ್ಲಕ್ಕಿಂತ ಕೆಳಗಿನದು, ಪಾದದ ಮಟ್ಟದ್ದು, ಮಾವನ ಅಜ್ಜನ ಕಾಲದ್ದು. ಆಗ ನಮ್ಮ ಜಿಲ್ಲೆ ಮುಂಬೈ ಸರಕಾರಕ್ಕೆ ಸೇರಿತ್ತು. ಅದರ ಪಕ್ಕದಲ್ಲಿ ಗೆರೆಯಲ್ಲ, ಒಂದು ಗುಣಿಸು ಚಿಹ್ನೆ. ಅದು ಗಾಳಿ ಬಿದ್ದ ವರ್ಷ. ನೀರು ಬರಲಿಲ್ಲ, ಮಾಡು ಹಾರಿಹೋಯಿತು, ಕೇರಿಯ ತೆಂಗಿನ ಮರಗಳೆಲ್ಲ ಗುಡ್ಡದ ಕಡೆಗೆ ತಲೆ ಹಾಕಿ ಮಲಗಿದವಂತೆ. ಎಲ್ಲಕ್ಕಿಂತ ಮೇಲಿನದು ಮೊಣಕಾಲಿನ ಮಟ್ಟದ್ದು, ಮಾವನೇ ಹೊಡೆದದ್ದು. ಅದರಿಂದ ಒಂದು ಗೇಣು ಮೇಲೆ ಗಣಪತಿ ಇಡುವ ಮೊದಲ ಹಲಗೆ. "ಗುರ್ತಿನ ಮೇಲೆ ಒಂದು ಗೇಣು" ಎಂಬುದು ಈ ಮನೆಯ ಶಾಸ್ತ್ರ.

"ಅದು ಯಾವ ವರ್ಷ?" ಎಂದು ನಾನು ಮೆಲ್ಲಗೆ ಕೇಳಿಬಿಟ್ಟೆ. ಕೇಳಬಾರದಿತ್ತು.

"ನರೇಶ ಹೊಟ್ಟೇಲಿದ್ದ" ಎಂದರು ಒಳಗಿನಿಂದ ಅತ್ತೆ ಸಣ್ಣಮ್ಮ.

"ನರೇಶ ಅಲ್ಲ, ಅವನ ಅಕ್ಕ."

"ಹೊತ್ತದ್ದು ನಾನ, ನೀನ?"

ಮಧ್ಯಾಹ್ನ ಊಟದವರೆಗೂ ಅದೇ ಜಗಳ. ಗೋಡೆಯಲ್ಲಿ ಗೆರೆಯಿದೆ, ವರ್ಷವಿಲ್ಲ.

ನನ್ನ ತವರು ಗೇರುಸೊಪ್ಪದ ಕೆಳಗೆ, ಶರಾವತಿಯ ದಂಡೆ. ಅಲ್ಲಿ ಅಣೆಕಟ್ಟಿನ ಬಾಗಿಲು ತೆಗೆಯುವ ಮೊದಲು ಜೀಪು ಬಂದು ಮೈಕಿನಲ್ಲಿ ಕೂಗುತ್ತದೆ. ಇಲ್ಲಿ ಕೂಗುವವರಿಲ್ಲ. ತವರಿನಲ್ಲಿ ಆರನೇ ಇಯತ್ತೆಯ ಶಾಲೆ ಹೊಳೆಯಾಚೆ ಇತ್ತು. ಒಂದು ಮಳೆಗಾಲ ದೋಣಿ ಬಿಡಲಿಲ್ಲ, ನಾನು ಮನೆಯಲ್ಲೇ ಉಳಿದೆ. ಮಳೆ ನಿಂತ ಮೇಲೂ ಯಾರೂ ಹೋಗು ಎನ್ನಲಿಲ್ಲ, ಹೋಗಲಾ ಎಂದು ನಾನೂ ಕೇಳಲಿಲ್ಲ.

ಜುಲೈ ೨೯, ಮಂಗಳವಾರ

ನಾಗರಪಂಚಮಿ. ಮಣೆಗಳು ಬಂದವು. ನಮ್ಮ ಕಡೆ ಗಣಪತಿ ಬೇಕಾದ ಮನೆಯವರು ತಮ್ಮ ಮನೆಯ ಮರದ ಮಣೆಯನ್ನು ತಂದು ಕೊಡುತ್ತಾರೆ. ಮೂರ್ತಿ ಆ ಮಣೆಯ ಮೇಲೇ ಹುಟ್ಟಬೇಕು, ಆ ಮಣೆಯಲ್ಲೇ ಮನೆಗೆ ಹೋಗಬೇಕು. ಮಣೆಯ ಮೇಲೆ ಮೊದಲ ಮುದ್ದೆ ಕೂತ ಮೇಲೆ ಅದು ನಮ್ಮದಲ್ಲ. ಚೌತಿಯ ದಿನ ಮನೆಯವರು ವೀಳ್ಯ ಹಿಡಿದು ಬಂದು "ಬಾರಪ್ಪ" ಎಂದು ಕರೆಯುವ ತನಕ ಅದನ್ನು ಹೊಸಿಲು ದಾಟಿಸುವಂತಿಲ್ಲ. ಮಾವ ಇದನ್ನು ಪ್ರತಿ ಮಣೆಗೂ ಒಮ್ಮೆ ಹೇಳುತ್ತಾರೆ, ಬಂದವರು ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ತಲೆಯಾಡಿಸುತ್ತಾರೆ.

ಕೃಷ್ಣಾನಂದರ ಮಣೆಯೂ ಬಂತು, ಕೆಲಸದವಳ ಕೈಯಲ್ಲಿ. ನಮ್ಮ ಎದುರಿನ ಗದ್ದೆ ಅವರದು. ಹೆದ್ದಾರಿಗೆ ಗುಡ್ಡ ಕಡಿದ ಮಣ್ಣನ್ನು ಲಾರಿಗಟ್ಟಲೆ ತಂದು ಗದ್ದೆ ಏರಿಸಿ ಮಹಡಿ ಮನೆ ಕಟ್ಟಿದ್ದಾರೆ. ಹಳ್ಳಕ್ಕೆ ನೀರು ಹೋಗುತ್ತಿದ್ದ ದಾರಿ ಅದೇ ಆಗಿತ್ತು. ಗೃಹಪ್ರವೇಶದ ದಿನ ಮಾವ ಜನರ ಎದುರು, "ನೀರಿನ ದಾರಿ ಮುಚ್ಚಿದವನ ಮನೇಲಿ ನಾ ಒಂದು ಲೋಟ ನೀರೂ ಕುಡಿಯೂದಿಲ್ಲ" ಎಂದು ಬಂದರಂತೆ. ಎರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಆದರೂ ಮಣೆ ಬರುತ್ತದೆ, ಗಣಪತಿ ಹೋಗುತ್ತದೆ.

ಮಾವ ಆ ಮಣೆಯನ್ನು ತಿರುಗಿಸಿ ನೋಡಿ, "ಹಲಸಿನ ಹಲಗೆ. ಚಲೋ ಅದೆ" ಎಂದರು. ಅದನ್ನೇ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿಟ್ಟರು.

ಆಗಸ್ಟ್ ೩, ಭಾನುವಾರ

ನರೇಶ ಬಂದು ಹೋದರು. ಭಟ್ಕಳದಲ್ಲಿ ಅಂಗಡಿಯ ಹಿಂದೆ, ಎರಡನೇ ಮಾಳಿಗೆಯಲ್ಲಿ ಒಂದು ಖೋಲಿ ಖಾಲಿಯಾಗಿದೆಯಂತೆ. ಕಿಟಕಿಯಿಂದ ಬಂದರು ಕಾಣುತ್ತದೆ, ಗೋಡೆಗೆ ಪಸೆಯಿಲ್ಲ, ಬಟ್ಟೆ ಒಂದೇ ದಿನದಲ್ಲಿ ಒಣಗುತ್ತದೆ. ನಾನು ಕೇಳಿಸಿಕೊಂಡೇ ಇದ್ದೆ. ಒಣಗಿದ ಬಟ್ಟೆಯ ವಾಸನೆ ಮರೆತುಹೋಗಿದೆ.

ಊಟಕ್ಕೆ ಕೂತಾಗ ಅವರು ಅಪ್ಪನಿಗೆ ಹೇಳಿದರು: "ಈ ವರ್ಷಕ್ಕೆ ಸಾಕು. ಪೇಟೇಲಿ ಅಚ್ಚಿನ ಗಣಪತಿ ರಾಶಿ ಬಿದ್ದದೆ. ನಿನ್ನ ಕೈಯೂ ನಡುಗ್ತದೆ."

"ನಡುಗೂದು ಚಳಿಗೆ."

"ಆಗಸ್ಟಿನಲ್ಲಿ ಎಂತ ಚಳಿ?"

ಮಾವ ಸಾರು ಬಡಿಸಿಕೊಂಡರು. ಸಾರು ಬಟ್ಟಲಿನ ಹೊರಗೂ ಬಿತ್ತು.

ಬಸ್ಸಿಗೆ ಹೊರಡುವಾಗ ನರೇಶ, "ಚೌತಿ ಮುಗಿದ ಮೇಲೆ ಖೋಲಿ ಹಿಡಿಲ? ನೀ ಬರ್ತ್ಯ?" ಎಂದು ಕೇಳಿದರು. ತಲೆಯಾಡಿಸಿದೆ. ಎಷ್ಟು ಬೇಗ ಆಡಿಸಿದೆನೆಂದರೆ ನನಗೇ ನಾಚಿಕೆಯಾಯಿತು.

ಆಗಸ್ಟ್ ೯, ಶನಿವಾರ

ಮಳೆ. ಕೆಂಡ. ಬಟ್ಟೆ ಒಣಗಿಲ್ಲ. ಬರೆಯುವಂಥದ್ದು ಏನಿಲ್ಲ.

ಆಗಸ್ಟ್ ೧೭, ಭಾನುವಾರ

ಮೂರ್ತಿಗಳೆಲ್ಲ ಎದ್ದಿವೆ. ಬಣ್ಣ ಬಾಕಿ. ದೊಡ್ಡವು ಕೆಳಗಿನ ಹಲಗೆಯಲ್ಲಿ, ಸಣ್ಣವು ಮೇಲೆ. ಕೆಳಗಿನ ಹಲಗೆಯ ತುದಿಗೆ ನಮ್ಮ ಮನೆಯದೇ ಗಣಪತಿ. ಒಳಗೆ ಕಾಲಿಟ್ಟರೆ ಹಸಿ ಮಣ್ಣಿನ ಸೊಂಡಿಲುಗಳು ಸಾಲಾಗಿ ನಮ್ಮ ಕಡೆ ನೋಡುತ್ತವೆ. ನಾನು ಅವುಗಳ ಎದುರು ಒಬ್ಬಳೇ ಇದ್ದಾಗ ಸ್ವಲ್ಪ ಮಾತಾಡುತ್ತೇನೆ. ಅವು ತಿರುಗಿ ಕೇಳುವುದಿಲ್ಲ.

ಸಂಜೆ ಪಕ್ಕದ ಮನೆಯ ಜಯಂತಿ ಬಂದಳು. ಅವಳ ಗಂಡ ಗಣೇಶ ಅಘನಾಶಿನಿ ಹೊಳೆಯಲ್ಲಿ ಬಳಚಿನ ಚಿಪ್ಪಿ ತೆಗೆಯುವವನು, ಈಗ ಹೊಳೆ ಕೆಂಪಾಗಿ ಕೆಲಸವಿಲ್ಲ. ಅವನ ಪಾತಿದೋಣಿ ನಮ್ಮ ಹಳ್ಳದ ಬದಿಯಲ್ಲೇ ಕವುಚಿ ಬಿದ್ದಿದೆ.

"ಮತ್ತೆ ದೊಡ್ಡ ಮಳೆ ಅದೆಯಂತೆ. ಅಮಾಸೆ ಭರತಿಗೇ ಸರೀ ಕೂತದೆ" ಎಂದಳು.

"ಚೌತಿಗೆ ನಾಲ್ಕು ದಿನ ಮುಂಚೆ ಅಮಾಸೆ ಇರೂದೇ. ಪ್ರತಿ ವರ್ಷ ಸಮುದ್ರ ಉಕ್ಕಿ ಭರತಿ ಬರ್ತದೆ, ಹಳ್ಳ ತುಂಬ್ತದೆ, ಇಳೀತದೆ" ಎಂದರು ಮಾವ. "ಗೋಡೆ ನೋಡು. ಅದಕ್ಕಿಂತ ಮೇಲೆ ಬಂದದ್ದಿಲ್ಲ."

ಜಯಂತಿ ಗೋಡೆ ನೋಡಿದಳು, ಆಮೇಲೆ ಬಾಗಿಲಿನಾಚೆ ಕೃಷ್ಣಾನಂದರ ಏರಿಸಿದ ಅಂಗಳವನ್ನು ನೋಡಿದಳು. ನಾನೂ ನೋಡಿದೆ. ಆ ಗೆರೆಗಳನ್ನು ಹೊಡೆಯುವಾಗ ಅಲ್ಲಿ ಗದ್ದೆ ಇತ್ತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಚಹಾ ತಂದರು.

ಆಗಸ್ಟ್ ೨೧, ಗುರುವಾರ

ಮೂರು ದಿನದಿಂದ ಬಿಟ್ಟಿಲ್ಲ. ನಿನ್ನೆ ಅಂಗಳಕ್ಕೆ ನೀರು ಬಂದು ಇಳಿಯಿತು. ಕರೆಂಟಿಲ್ಲ. ಕರಟ ಮುಗಿಯುತ್ತ ಬಂತು. ದಣಿವು.

ಆಗಸ್ಟ್ ೨೪, ಭಾನುವಾರ

ಇದನ್ನು ಕೃಷ್ಣಾನಂದರ ಮನೆಯ ಮಾಳಿಗೆಯಲ್ಲಿ ಕೂತು ಬರೆಯುತ್ತಿದ್ದೇನೆ. ಡೈರಿಯನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿ ತಂದಿದ್ದೆ. ಕೈ ಎತ್ತಲಾಗುವುದಿಲ್ಲ, ಆದರೂ ನಿನ್ನೆಯದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ನಿನ್ನೆ ಬೆಳಗಿನ ಚಹಾಕ್ಕೆ ಮುಂಚೆ ನೀರು ಮೆಟ್ಟಿಲಿಗೆ ಬಂತು, ಗಂಜಿ ಇಳಿಸುವಷ್ಟರಲ್ಲಿ ಒಳಗೆ ಬಂತು. ಒಲೆ ಆರಿತು. ಮಾವ ಗಣಪತಿ ಕೋಣೆಯಲ್ಲಿ ಸ್ಟೂಲಿನ ಮೇಲೆ ಕಾಲೆತ್ತಿ ಕೂತು ಗೋಡೆಯನ್ನೇ ನೋಡುತ್ತಿದ್ದರು. ನೀರು ಅಜ್ಜನ ಗೆರೆ ದಾಟಿತು. "ಇನ್ನು ನಿಲ್ತದೆ" ಎಂದರು. ಎರಡನೆಯದನ್ನೂ ದಾಟಿತು. "ನನ್ನ ಗೆರೆಗೆ ನಿಲ್ತದೆ." ಭರತಿ ತುಂಬಲು ಇನ್ನೂ ಹೊತ್ತಿತ್ತು. ನೀರು ಅವರ ಗೆರೆಯನ್ನು ಮುಟ್ಟಿತು, ಒಂದು ಒಣಗಿದ ಎಲೆ ಗೆರೆಯ ಮೇಲೆ ಸ್ವಲ್ಪ ಹೊತ್ತು ಆಡಿತು, ಆಮೇಲೆ ಮೇಲೆ ಹೋಯಿತು.

ಜಯಂತಿ ಸೊಂಟದ ನೀರಿನಲ್ಲಿ ಕೊಡೆ ಹಿಡಿದು ಬಂದಳು. "ಸಣ್ಣಕ್ಕಾ, ಇನ್ನೂ ಇಲ್ಲೇ ಕೂತ್ರ್ಯ? ನಮ್ಮನೆ ಕೋಳಿ ಆಗ್ಲೇ ಮಾಡು ಹತ್ತಿ ಕೂತವೆ. ನಮಗಿಂತ ಅವಕ್ಕೇ ಬುದ್ಧಿ!"

"ಕೃಷ್ಣಾನಂದರ ಮನೆ ಎತ್ತರ ಅದೆ" ಎಂದೆ ನಾನು.

ಮಾವ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ಕರಿಯದೆ ಹೊಸಿಲು ದಾಟ್ಸೂದಿಲ್ಲ. ಅವನ ಮನೆಗಂತೂ ಇಲ್ವೇ ಇಲ್ಲ."

ಕೆಳಗಿನ ಹಲಗೆಗೆ ನಾಲ್ಕು ಬೆರಳಷ್ಟೇ ಉಳಿದಿತ್ತು. ನೀರು ಮುಟ್ಟಿದರೆ ಹಸಿ ಮೂರ್ತಿ ಬುಡದಿಂದ ಕರಗಿ ಕೂರುತ್ತದೆ. ಚೌತಿಗೆ ನಾಲ್ಕು ದಿನ. ಅಷ್ಟು ಮನೆಗಳಲ್ಲಿ ಖಾಲಿ ಮಂಟಪ. ಮುಂದಿನ ವರ್ಷ ಒಂದು ಮಣೆಯೂ ಈ ಬಾಗಿಲಿಗೆ ಬರುವುದಿಲ್ಲ, ಮಾವ ಆಮೇಲೆ ಬದುಕುವುದೂ ಇಲ್ಲ ಎಂದು ನನಗನಿಸಿತು. ನಾನು ಯಾರಿಗೂ ಹೇಳದೆ ಹೊರಗೆ ಇಳಿದೆ.

ಕೃಷ್ಣಾನಂದರು ಗೇಟಿನ ಹತ್ತಿರ ನಿಂತಿದ್ದರು. ಅವರ ಕಾಲಿನಡಿ ಒಣಗಿತ್ತು.

"ಯಾರು, ರಮಾನಂದನ ಸೊಸೆಯ?"

"ಗಣಪತಿ ಇಡೂಕೆ ಜಾಗ ಬೇಕು."

"ಹ್ಞಾ! ನಿಂಗೆ ಮಾತು ಬರ್ತದೆ ಹೇಳಿ ನಂಗೆ ಗೊತ್ತೇ ಇರ್ಲಿಲ್ಲ. ನಿನ್ನ ಮಾವ ನನ್ನ ಮನೆ ನೀರು ಮುಟ್ಟೂದಿಲ್ಲ ಹೇಳಿದವ."

"ನೀರು ಕೇಳೂಕೆ ಬಂದಿಲ್ಲ. ನೀರು ನಮ್ಮನೇಲೇ ಬೇಕಾದಷ್ಟು ಅದೆ."

ಅವರು ನನ್ನನ್ನೇ ನೋಡಿದರು. "ಅದು ನನ್ನಿಂದ ಬಂತು ಹೇಳ್ತ್ಯ?"

ನನ್ನ ಸೀರೆಯಿಂದ ನೀರು ಅವರ ಸಿಮೆಂಟಿನ ಮೇಲೆ ಇಳಿಯುತ್ತಿತ್ತು. ನೀರು ಬೇಕಾದಷ್ಟು ಅದೆ ಎಂಬ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಮಳೆಯಲ್ಲಿ ನೆನೆದು ಜ್ವರ ಬಂದಿರಬೇಕು.

ಕೃಷ್ಣಾನಂದರು ಗೇಟಿನ ಇನ್ನೊಂದು ಬಾಗಿಲನ್ನೂ ತೆಗೆದರು. "ಪಡಸಾಲೆ ಖಾಲಿ ಮಾಡಸ್ತೆ. ಆದ್ರೆ ಕರಿಯದೆ ನಿನ್ನ ಮಾವ ಬಿಡ್ತ್ನ? ತಡೆ." ಅವರು ಕಂಪೌಂಡಿನ ಗೋಡೆ ಹತ್ತಿ, ಎರಡೂ ಕೈ ಬಾಯಿಗಿಟ್ಟು ನಮ್ಮ ಮನೆಯ ಕಡೆಗೆ ಕೂಗಿದರು: "ಏ ಗಣಪಾ! ಬಾರಪ್ಪ! ನಮ್ಮನೆಗೆ ಬಾ!"

ಕೇರಿಯ ನಾಯಿಗಳೆಲ್ಲ ಬೊಗಳಿದವು.

ನಾನು ತಿರುಗಿ ಬಂದಾಗ ಮಾವ ಬಾಗಿಲಲ್ಲಿ ನಿಂತಿದ್ದರು. "ಅವನ ಸ್ವರ" ಎಂದರು. ಎರಡು ವರ್ಷದ ಮೇಲೆ ಕೇಳಿದ್ದು. ಹಲಸಿನ ಮಣೆಯನ್ನು ತಾವೇ ಇಳಿಸಿ ನನ್ನ ಕೈಗೆ ಕೊಟ್ಟರು. ಅಷ್ಟು ದೂರದಿಂದ ಕರೆದದ್ದು ಸಲ್ಲುವುದಾದರೆ ಇನ್ನೂ ದೂರದಿಂದ ಕರೆದದ್ದೂ ಸಲ್ಲಬೇಕು ಎಂದು ನನಗೆ ಹೊಳೆದದ್ದು ಆಗ.

"ಜಯಂತಕ್ಕಾ, ನಿನ್ನ ಫೋನಲ್ಲಿ ಕೇರಿಯವ್ರ ನಂಬರ್ ಅದೆಯ?"

ಅವಳು ನಂಬರು ಒತ್ತಿ ಕೊಟ್ಟಳು, ನಾನು ಮಾತಾಡಿದೆ. ನಾನು ರಮಾನಂದರ ಸೊಸೆ ಮಂಗಲಾ, ಮನೆಗೆ ನೀರು ಬಂದದೆ, ನಿಮ್ಮ ಗಣಪತಿ ಹೊಸಿಲು ದಾಟಬೇಕು, ನೀವು ಈಗಲೇ ಕರೀಬೇಕು. ಹೇಳಿದ್ದನ್ನೇ ಹೇಳಿದೆ. ಹೇಳಿ ಫೋನನ್ನು ಮೂರ್ತಿಯ ಕಿವಿಗೆ ಹಿಡಿದೆ.

ಮಾವ, "ಫೋನಲ್ಲಿ ಕರೂದು ಕರದ ಹಾಂಗೆ ಅಲ್ಲ" ಎಂದರು.

ಅತ್ತೆ ಒಳಗಿನಿಂದ ಹಾಸಿಗೆ ಹೊತ್ತು ಬರುತ್ತಿದ್ದವರು ನಿಂತರು. "ಮಗ ಫೋನಲ್ಲಿ 'ಆಯಿ' ಅಂದ್ರೆ ನಾ ಓಗೊಡ್ತೆ. ಗಣಪಂಗೆ ನನ್ನಕಿಂತ ಕಿವಿ ದೊಡ್ಡದು."

ಮಾವ ಮುಂದಿನ ಮಣೆ ಇಳಿಸಿದರು.

ಒಬ್ಬರು ತಾವೇ ಅಟ್ಟದ ಮೇಲೆ ಕೂತು ಕರೆದರು. ಒಬ್ಬರು ಪೇಟೆಯ ಹೊಟೇಲಿನಲ್ಲಿದ್ದರಂತೆ, ನಾಚಿಕೊಂಡು ಪಿಸುಗುಟ್ಟಿದರು. "ಗಣಪಂಗೆ ಕೇಳ್ಲಿಲ್ಲ, ಗಟ್ಟಿ ಕರೀರಿ" ಎಂದೆ. ಹೊಟೇಲಿನವರೆಲ್ಲ ನಕ್ಕದ್ದು ನಮಗೂ ಕೇಳಿಸಿತು. ಮುದುಕಿ ದುರ್ಗಮ್ಮ ಮಾತ್ರ, "ಯಾವ ಕಿವಿಗೆ ಹಿಡದೆ? ಬಲಗಿವಿಗೆ ಹಿಡಿ, ಹುಡ್ಗಿ" ಎಂದು ಎರಡು ಸಲ ಕರೆದಳು. ಪ್ರತಿ ಮೂರ್ತಿ ಹೊಸಿಲು ದಾಟುವಾಗ ಅತ್ತೆ ನೀರಿನಲ್ಲೇ ನಿಂತು ಹಾಡಿದರು:

ಹೊಸಿಲಿಗೆ ಹೂವಿಟ್ಟೆ ಹೊರಗೆ ಬಾ ಗಣಪಯ್ಯ
ಕೆಸರೀನ ಪಾದ ಒರಸ್ಕಂಡು | ಬೆನಕಯ್ಯ
ಹಸಿ ಮೈಯ ಬಿಸಿಲ ಕಾಣೂಕೆ

ಬಿಸಿಲು ಎಲ್ಲಿತ್ತು. ಗಣೇಶ ಪಾತಿದೋಣಿ ತಂದು ಬಾಗಿಲಿಗೆ ಕಟ್ಟಿದ. ತಾಡಪಾಲು ಹೊದಿಸಿ ಸ್ವಲ್ಪಸ್ವಲ್ಪವೇ ಸಾಗಿಸಿದ. "ಗಣೇಶನ ಹೊರೂದೂ ಗಣೇಶನೇ. ಇಲಿಗೆ ರಜೆ!" ಎಂದಳು ಜಯಂತಿ. ಅವನು ನಗಲಿಲ್ಲ, ಅವನಿಗೂ ದಣಿವು.

ನಡುವೆ ನರೇಶ ಜಯಂತಿಯ ಫೋನಿಗೇ ಮಾಡಿದರು, ನಮ್ಮದು ಕರೆಂಟಿಲ್ಲದೆ ಆರಿಹೋಗಿತ್ತು. ಹೊನ್ನಾವರದ ಹತ್ತಿರ ಗುಡ್ಡದ ಮಣ್ಣು ರಸ್ತೆಗೆ ಬಿದ್ದು ಬಸ್ಸು ನಿಂತಿದೆಯಂತೆ. "ಅದನ್ನೆಲ್ಲ ಬಿಡು, ಅಪ್ಪ ಆಯಿನ ಕರ್ಕಂಡು ಹೊರಡು" ಎಂದರು. "ಆತು. ಬ್ಯಾಟರಿ ಮುಗೀತದೆ, ಇಡ್ತೆ" ಎಂದು ಇಟ್ಟೆ. ಇಟ್ಟ ಮೇಲೆ ಅನಿಸಿತು, ಇಷ್ಟು ದಿನ ಫೋನು ಇಡುತ್ತಿದ್ದದ್ದು ಅವರು.

ಕೊನೆಗೆ ಎರಡು ಉಳಿದವು. ಒಂದು ದಿನೇಶರದು. ಅವರು ಚೌತಿಗೆಂದು ಮುಂಬೈಯಿಂದ ರೈಲಿನಲ್ಲಿದ್ದಾರೆ, ಫೋನು ಹತ್ತಲಿಲ್ಲ. ಎರಡು ಸಲ ಮಾಡಿದೆ, ಅಷ್ಟರಲ್ಲಿ ಜಯಂತಿಯ ಫೋನು ಸತ್ತಿತು. ನೀರು ಹಲಗೆಯ ಅಡಿಯನ್ನು ನೆಕ್ಕುತ್ತಿತ್ತು. ಮಾವ ಕೂಡದೆಂದು ತಲೆಯಲ್ಲಾಡಿಸಿದರು. ನಾನು ಆ ಗಣಪತಿಯ ಬಲಗಿವಿಯ ಹತ್ತಿರ ಹೋಗಿ, "ದಿನೇಶಣ್ಣ ದಾರಿಯಲ್ಲಿದ್ದಾರೆ. ಅವರ ಬದಲು ನಾ ಕರೀತೆ. ಬಾರಪ್ಪ" ಎಂದೆ. ಎತ್ತಿದೆ. ಮಾವ ತಡೆಯಲಿಲ್ಲ.

ಇನ್ನೊಂದು ನಮ್ಮದೇ. ಅದಕ್ಕೂ ಕೈ ಹಾಕಿದೆ.

"ಅದು ಬೇಡ" ಎಂದರು ಮಾವ. "ಅದು ಈ ಮನೇದು. ಈ ಮನೆ ಗಣಪತಿಗೆ ಹೊಸಿಲು ದಾಟೂದೆಂಬುದಿಲ್ಲ, ನೀರಿಗೆ ಬಿಡೂ ದಿನದ ವರೆಗೆ. ನಾನೂ ಇಲ್ಲೇ ಇರ್ತೆ."

ಅತ್ತೆ ಹಾಡು ನಿಲ್ಲಿಸಿದರು. "ಗಣಪತಿ ಹೇಗಿದ್ರೂ ನೀರಿಗೆ ಹೋಗವನೇ, ನಾಲ್ಕು ದಿನ ಮುಂಚೆ ಹೋಗ್ತ್ನೆ. ನೀ ಹೋದ್ರೆ ನಾ ಯಾರ ಸಂಗ್ತಿಗೆ ಜಗಳ ಆಡೂದು? ಏಳು."

ಮಾವ ಎದ್ದರು. ದೋಣಿಯಲ್ಲಿ ಕೂರುವಾಗ ಹಿಂತಿರುಗಿ ನೋಡಲಿಲ್ಲ. ನಾನು ನೋಡಿದೆ.

ಆಗಸ್ಟ್ ೨೫, ಸೋಮವಾರ

ನೀರು ಇಳಿದಿದೆ. ಮನೆಗೆ ಹೋಗಿ ನೋಡಿದೆವು. ನೆಲದ ಮೇಲೆ ಬೆರಳುದ್ದ ಕೆಸರು, ಕೆಂಪು ಬಣ್ಣದ್ದು, ನಮ್ಮ ಗದ್ದೆಯದಲ್ಲ. ಗುಡ್ಡದ್ದು. ಕೆಳಗಿನ ಹಲಗೆಯ ತುದಿಯಲ್ಲಿ ನಮ್ಮ ಮಣೆಯಿತ್ತು, ಅದರ ಮೇಲೆ ಒಂದು ಮುದ್ದೆ. ಅತ್ತೆ ಮಣೆಯನ್ನು ಬಾವಿಕಟ್ಟೆಗೆ ಒಯ್ದು ತೊಳೆದರು. ಎಷ್ಟು ಹೊತ್ತಾದರೂ ತೊಳೆಯುತ್ತಲೇ ಇದ್ದರು.

ಬಣ್ಣದ ಕೆಲಸ ಕೃಷ್ಣಾನಂದರ ಪಡಸಾಲೆಯಲ್ಲೇ. ಮಾವ ಮೊನ್ನೆಯಿಂದ ಆ ಮನೆಯ ನೀರು ಕುಡಿದಿಲ್ಲ, ಜಯಂತಿಯ ಮನೆಯಿಂದ ತಂಬಿಗೆಯಲ್ಲಿ ಬರುತ್ತದೆ. ಮಧ್ಯಾಹ್ನ ಕೃಷ್ಣಾನಂದರು ಒಂದು ಲೋಟ ನೀರನ್ನು ಬಣ್ಣದ ಡಬ್ಬಿಗಳ ಪಕ್ಕ ಇಟ್ಟು ಹೋದರು. ಮಾವ ಜಯಂತಿಯ ಮನೆಯ ನೀರೆಂದುಕೊಂಡು ಕುಡಿದರೋ, ಗೊತ್ತಿದ್ದೇ ಕುಡಿದರೋ, ನಾನು ಕೇಳಲಿಲ್ಲ.

"ಬೇಸ್ಗೆಲಿ ಒಂದು ಮೋರಿ ತೆಗಸ್ತೆ, ಹಳ್ಳದವರೆಗೆ" ಎಂದರು ಕೃಷ್ಣಾನಂದರು ಸಂಜೆ, ಗೋಡೆಗೆ ಹೇಳಿದಂತೆ.

"ತೆಗಸ್ದಾಗ ನೋಡ್ವ" ಎಂದರು ಮಾವ, ಅದೇ ಗೋಡೆಗೆ.

ಕಣ್ಣು ಬರೆಯುವಾಗ ಮಾವನ ಕೈ ನಡುಗಿತು. ರೆಪ್ಪೆಯ ಗೆರೆ ಕೆನ್ನೆಗೆ ಇಳಿಯಿತು. ಅದನ್ನು ಒರೆಸಿ, ಕುಂಚವನ್ನು ನನ್ನ ಕಡೆ ಚಾಚಿದರು. "ಚಳಿ" ಎಂದರು.

ಬರೆದೆ. ನನ್ನ ಕೈ ನಡುಗಲಿಲ್ಲ. ನಡುಗಲೂ ಶಕ್ತಿ ಇರಲಿಲ್ಲ.

ಆಗಸ್ಟ್ ೨೭, ಬುಧವಾರ

ಚೌತಿ. ಬೆಳಗಿನಿಂದ ಎಲ್ಲರೂ ವೀಳ್ಯ ಹಿಡಿದು ಬಂದು ಮತ್ತೊಮ್ಮೆ ಕರೆದು 
ಒಯ್ದರು, ಹೊಟೇಲಿನಲ್ಲಿ ಪಿಸುಗುಟ್ಟಿದವರು ಈ ಸಲ ಗಟ್ಟಿಯಾಗಿಯೇ. ದಿನೇಶರಿಗೆ ಮಾತ್ರ ಸಿಟ್ಟು. "ನಾನಿರದೆ ನನ್ನ ಗಣಪತೀನ ಕರೂಕೆ ನೀ ಯಾರು?" ಎಂದರು. ಒಯ್ದರೂ, ಮುಂದಿನ ವರ್ಷ ಪೇಟೆಯಿಂದ ತರುತ್ತೇವೆ ಎಂದು ಹೇಳಿಯೇ ಹೋದರು. ನಾನು ಮಾಡಿದ್ದು ತಪ್ಪೇ ಇರಬಹುದು. ಆದರೂ ಮತ್ತೆ ನೀರು ಬಂದರೆ ಮತ್ತೆ ಕರೆಯುತ್ತೇನೆ.

ನಮ್ಮ ಮನೆಯಲ್ಲಿ ತೊಳೆದ ಮಣೆಯ ಮೇಲೆ ಅಕ್ಕಿ ಹರಡಿ, ಒಂದು ಅಡಿಕೆ ಇಟ್ಟು ಪೂಜೆ ಮಾಡಿದೆವು. ನೆಲ ಇನ್ನೂ ಹಸಿ. ಕುಮಟಾದ ಬದಿಯಿಂದ ಪಟಾಕಿಯ ಶಬ್ದ ಕೇಳುತ್ತಿತ್ತು. ನರೇಶ ನಿನ್ನೆ ಸಂಜೆ ಬಂದರು. ಅಡಿಕೆಗೆ ಕೈ ಮುಗಿದು ತುಂಬ ಹೊತ್ತು ತಲೆ ಎತ್ತಲಿಲ್ಲ.

ಸೆಪ್ಟೆಂಬರ್ ೧, ಸೋಮವಾರ

ಕೆಸರು ಎತ್ತಿ ಮುಗಿಯುವುದಿಲ್ಲ. ಒಂದು ಕೋಣೆ ಮುಗಿದರೆ ಮೂಲೆಯಿಂದ ಇನ್ನೊಂದಿಷ್ಟು ಬರುತ್ತದೆ. ಕೇರಿಯವರು ಬಂದು ಬಂದು ನಮ್ಮ ಗೋಡೆ ನೋಡಿ ಹೋಗುತ್ತಿದ್ದಾರೆ, ನಿಮ್ಮಲ್ಲಿ ಎಲ್ಲಿಯವರೆಗೆ ಬಂತು ಎಂದು. ಮಾವ "ಮಂಗಲನ ಕೇಳಿ" ಎನ್ನುತ್ತಾರೆ. ನಾನು ಹೇಳುತ್ತೇನೆ. ಮಾತು ನನಗೆ ಈಗಲೂ ಬರುವುದಿಲ್ಲ, ಆದರೆ ಕೇಳಿದ ಮೇಲೆ ಹೇಳದಿರುವುದು ಹೇಗೆ.

ನರೇಶ ಇವತ್ತು ಮೊದಲ ಬಸ್ಸಿಗೆ ಹೋದರು. "ಖೋಲಿ ಇನ್ನೂ ಖಾಲಿ ಅದೆ" ಎಂದರು. ನನ್ನ ಕೈಯಲ್ಲಿ ಸಲಿಕೆ ಇತ್ತು, ಕೆಸರು ಒಣಗುವ ಮೊದಲು ಹೊಸಿಲಿನದು ತೆಗೆಯಬೇಕಿತ್ತು. ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ರಾತ್ರಿ ಫೋನು ಮಾಡಿದಾಗ ಕೇಳಬೇಕು.

ಅವರು ಹೋದ ಮೇಲೆ ಮಾವ ಉಳಿ, ಸುತ್ತಿಗೆ ತಂದು ನನ್ನ ಮುಂದಿಟ್ಟರು. ಗೋಡೆಯಲ್ಲಿ ನೀರು ನಿಂತ ಕಲೆ ಇನ್ನೂ ಇದೆ, ನನ್ನ ಸೊಂಟದ ಮಟ್ಟಕ್ಕೆ. ಅದರ ಮೇಲೆ ಗೆರೆ ಹೊಡೆದೆ. "ವರ್ಷನೂ ಬರಿ" ಎಂದರು ಒಳಗಿನಿಂದ ಅತ್ತೆ, "ನಾವು ಸತ್ತ ಮೇಲೆ ಜಗಳ ಆಡೂಕೆ ಯಾರೂ ಇರೂದಿಲ್ಲ." ತಾರೀಕು, ತಿಂಗಳು, ವರ್ಷ ಕೆತ್ತಿದೆ. ಚಿರೆಕಲ್ಲಿನಲ್ಲಿ ಅಂಕೆ ನೆಟ್ಟಗೆ ಬರುವುದಿಲ್ಲ, ಎರಡು ಏಳಾದಂತೆ ಕಾಣುತ್ತದೆ. ಮಾವನಿಗೆ ಓದು ಬರುವುದಿಲ್ಲ, ಬೆರಳಿನಿಂದ ಮುಟ್ಟಿ ನೋಡಿದರು.

ಆಮೇಲೆ ಕೆಳಗಿನ ಹಲಗೆಯನ್ನು ಬಿಚ್ಚಿ, ಹೊಸ ಗೆರೆಯಿಂದ ಕೈ ಇಟ್ಟು ಅಳೆದು, ಮೇಲೆ ಕಟ್ಟಿದೆ.

"ಅದು ಎರಡು ಗೇಣಾತಲೆ" ಎಂದರು ಮಾವ.

"ಹೌದು" ಎಂದೆ.

ಮೊಳೆ ಸಾಲಲಿಲ್ಲ. ಒಂದು ಬದಿಗೆ ತೆಂಗಿನ ಹಗ್ಗ ಬಿಗಿದೆ.